ಮನೆವಾರ್ತೆ: ಮಗಳು ಸೇರಿದ ಕ್ಲಬ್ಬು

ಕಲ್ಯಾಣದಿಂದ ಒಬ್ಬ ತಾಯಿ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿರೆಂದು ಕೇಳಿಕೊಂಡಿರುವುದರಿಂದ ಹಾಕಿಲ್ಲ. ಅವರ ಮಗಳು ನೆರೂಳಿನ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎರಡನೆಯ ವರ್ಷ ಓದುತ್ತಿದ್ದಾಳೆ. ಈ ವರ್ಷ ಆಕೆ ಅಲ್ಲಿಯ ವಿದ್ಯಾರ್ಥಿಗಳ ಕೋಡಿಂಗ್ ಕ್ಲಬ್ಬನ್ನು ಸೇರಿದ್ದಾಳೆ. ವಾರಕ್ಕೆರಡು ದಿನ ಪಾಠ ಮುಗಿದ ಮೇಲೂ ಕಾಲೇಜಿನಲ್ಲೇ ಉಳಿಯುತ್ತಾಳೆ; ಠಾಣೆಯಲ್ಲಿ ಗಾಡಿ ಬದಲಾಯಿಸಿ ಮನೆ ಸೇರುವಾಗ ರಾತ್ರಿ ಒಂಬತ್ತು ದಾಟಿರುತ್ತದೆ. ಈಗ ದೀಪಾವಳಿ ರಜೆಗೆ ಊರಿಗೆ ಬರಲಾರೆನೆಂದು ಹೇಳಿದ್ದಾಳೆ. ಏಕೆಂದರೆ ಕ್ಲಬ್ಬಿನವರು ಸೇರಿ ಯಾವುದೋ ಸೇವಾಸಂಸ್ಥೆಗೆ ಪುಕ್ಕಟೆಯಾಗಿ ತಂತ್ರಾಂಶ ಮಾಡಿಕೊಡುವರಂತೆ. "ಹಣವಿಲ್ಲ, ಪರೀಕ್ಷೆಯಲ್ಲಿ ಅಂಕವಿಲ್ಲ, ಹೊತ್ತಿಗೆ ಸರಿಯಾಗಿ ಊಟವೂ ಇಲ್ಲ. ಇದು ವಿದ್ಯೆಯೋ ವ್ಯಸನವೋ, ನೀವೇ ಹೇಳಿರಿ" ಎಂದು ತಾಯಿ ಕೇಳಿದ್ದಾರೆ.

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ವರಾನ್ವೇಷಣೆಯದೂ ಮಧುಮೇಹದ್ದೂ ಹೆಚ್ಚು. ಇಂಥ ಪತ್ರ ಬರುವುದು ಅಪರೂಪ. ಆದರೆ ಈ ತಾಯಿಯ ಚಿಂತೆ ಅವರೊಬ್ಬರದೇ ಅಲ್ಲವೆಂಬುದು ನನ್ನ ಎಣಿಕೆ. ಐರೋಳಿಯಿಂದ ಪನವೇಲಿನವರೆಗೆ, ಘೋಡ್‌ಬಂದರ್ ರಸ್ತೆಯಿಂದ ಡೊಂಬಿವಲಿಯವರೆಗೆ ಇಂದು ಎಷ್ಟು ಇಂಜಿನಿಯರಿಂಗ್ ಕಾಲೇಜುಗಳಿವೆಯೋ ಹೆಚ್ಚುಕಡಿಮೆ ಅಷ್ಟು ಕ್ಲಬ್ಬುಗಳಿವೆ. ಅವುಗಳಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಆದುದರಿಂದ ಉತ್ತರವನ್ನು ತುಸು ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು 'ಕ್ಲಬ್ಬು' ಎಂಬ ಮಾತಿನ ಬಗೆಗೆ. ನಮ್ಮ ಹಿರಿಯರ ಕಿವಿಗೆ ಈ ಶಬ್ದ ಬಿದ್ದೊಡನೆ ಇಸ್ಪೀಟಿನ ಎಲೆಯೂ ಸಿಗರೇಟಿನ ಹೊಗೆಯೂ ನೆನಪಾಗುವುದು ಸಹಜ. ಇದು ಆ ಜಾತಿಯ ಕ್ಲಬ್ಬಲ್ಲ. ಊರಲ್ಲಿ ಭಜನಾಮಂಡಳಿ, ಯಕ್ಷಗಾನದ ಕೂಟ ಎಂದು ನಾವು ಕಟ್ಟಿಕೊಳ್ಳುತ್ತಿದ್ದೆವಲ್ಲ, ಅದರ ಬಂಧುವೆಂದರೆ ಹೆಚ್ಚು ಸರಿ. ಮೂರನೆಯ ವರ್ಷದ ಹುಡುಗ ಮೊದಲನೆಯ ವರ್ಷದವರನ್ನು ಕೂರಿಸಿಕೊಂಡು ಪೈಥಾನ್ ಎಂಬ ಗಣಕಭಾಷೆಯ ಮೊದಲ ಪಾಠ ಹೇಳುತ್ತಾನೆ. ಇದನ್ನು ಅವರು 'ವರ್ಕ್‌ಶಾಪ್' ಎನ್ನುತ್ತಾರೆ. ಪಾಠ ಹೇಳುವವನಿಗೆ ಸಂಬಳವಿಲ್ಲ. ಕೇಳುವವನಿಗೆ ಹಾಜರಿಯ ಕಟ್ಟಲೆಯಿಲ್ಲ. ತಕ್ಕಮಟ್ಟಿಗೆ ಕಲಿತ ಮೇಲೆ ನಾಲ್ಕೈದು ಮಂದಿ ಸೇರಿ ನಿಜವಾದ ಯಾವುದಾದರೊಂದು ಕೆಲಸವನ್ನು ಕೈಗೆತ್ತಿಕೊಳ್ಳುತ್ತಾರೆ: ಗ್ರಂಥಾಲಯದ ಪುಸ್ತಕಪಟ್ಟಿ, ರಕ್ತದಾನಿಗಳ ಯಾದಿ, ಅನಾಥಾಲಯದ ಲೆಕ್ಕ, ಹೀಗೆ. ನಮ್ಮ ಪಕ್ಕದ ಪೊವಾಯಿಯಲ್ಲಿರುವ ಐಐಟಿಯಲ್ಲಿ 'ವೆಬ್ ಅಂಡ್ ಕೋಡಿಂಗ್ ಕ್ಲಬ್' ಎಂದೇ ಒಂದಿದೆ. ಅಲ್ಲಿ ಬೇಸಗೆ ರಜೆಯಲ್ಲಿ ಹಿರಿಯ ವಿದ್ಯಾರ್ಥಿಗಳು ಒಂದೊಂದು ಕೆಲಸದ ಹೊಣೆ ಹೊತ್ತು ಕಿರಿಯರಿಗೆ ಮಾರ್ಗದರ್ಶನ ಮಾಡುವ ಪದ್ಧತಿ ಇದೆ. ಬೇರೆ ಕಾಲೇಜುಗಳ ಕ್ಲಬ್ಬುಗಳೂ ಬಹುಮಟ್ಟಿಗೆ ಇದೇ ದಾರಿಯಲ್ಲಿ ನಡೆಯುತ್ತವೆ.

ಪುಕ್ಕಟೆ ಕೆಲಸವೆಂದರೆ ನಿಷ್ಪ್ರಯೋಜಕವೆಂದು ತಿಳಿಯಬಾರದು. 1991ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲೀನಸ್ ತೋರ್ವಾಲ್ಡ್ಸ್ ಎಂಬ ಇಪ್ಪತ್ತೊಂದು ವರ್ಷದ ಹುಡುಗ ತನ್ನ ಹವ್ಯಾಸಕ್ಕಾಗಿ ಒಂದು ತಂತ್ರಾಂಶವನ್ನು ಬರೆಯತೊಡಗಿ, ಬೇಕಾದವರು ನೋಡಿರಿ, ತಿದ್ದಿರಿ ಎಂದು ಹತ್ತು ಜನರ ಮುಂದಿಟ್ಟ. ಅದೇ ಲಿನಕ್ಸ್. ಈ ಪತ್ರಿಕೆಯನ್ನು ಓದುವವರ ಕೈಯಲ್ಲಿರುವ ಆಂಡ್ರಾಯ್ಡ್ ಫೋನುಗಳ ಒಡಲಲ್ಲೆಲ್ಲ ಅದು ಕುಳಿತಿದೆ. ಮಗ ಓದುವುದು ಬಿಟ್ಟು ಏನೋ ಕುಟ್ಟುತ್ತಿದ್ದಾನೆಂದು ಅವನ ಮನೆಯವರಿಗೂ ಅನ್ನಿಸಿರಬಹುದು.

ಅಷ್ಟು ದೂರವೇಕೆ, ಕೇರಳದ ಮಾತು ಹೇಳುತ್ತೇನೆ. ಕಲ್ಲಿಕೋಟೆಯ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನಲ್ಲಿ 2002ರ ಸುಮಾರಿಗೆ ಒಬ್ಬ ವಿದ್ಯಾರ್ಥಿ ಹಚ್ಚಿದ ಕಿಡಿಯಿಂದ 'ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್' ಎಂಬ ಸ್ವಯಂಸೇವಕರ ಬಳಗ ಹುಟ್ಟಿತು. ಮಲಯಾಳದ ಅಕ್ಷರಶೈಲಿಗಳು, ಕಾಗುಣಿತ ನೋಡುವ ಸಾಧನಗಳು, ಗಣಕದ ಆದೇಶಗಳ ಮಲಯಾಳ ರೂಪ ಇವೆಲ್ಲ ಆ ಬಳಗದ ಕೈಯಲ್ಲಿ ತಯಾರಾದವು. ಗೂಗಲ್ ಕಂಪನಿಯವರು 2005ರಲ್ಲಿ ಆರಂಭಿಸಿದ 'ಸಮ್ಮರ್ ಆಫ್ ಕೋಡ್' ಯೋಜನೆಯಲ್ಲಿಯೂ ಆ ಬಳಗ ವಿದ್ಯಾರ್ಥಿಗಳಿಗೆ ಕೆಲಸ ಕಲಿಸಿತು. ಮಲಯಾಳಿಗಳ ವಿಷಯದಲ್ಲಿ ನಮಗೆ ಹೊಟ್ಟೆಕಿಚ್ಚು ಪಡಬೇಕಾದ ಸಂಗತಿಗಳು ಕೆಲವಿವೆ. ಅವುಗಳಲ್ಲಿ ಇದೂ ಒಂದು.

ಹಾಗೆಂದು ನಮ್ಮವರು ಸುಮ್ಮನೆ ಕುಳಿತಿರಲಿಲ್ಲ. ಮುಂಬಯಿ ಕನ್ನಡಿಗರಾದ ನಾವು ಇಲ್ಲೊಂದು ಹೆಸರನ್ನು ನೆನೆಯಲೇಬೇಕು. ಕಿನ್ನಿಕಂಬಳದ ಪದ್ಮನಾಭ ರಾಯರು, ಎಂದರೆ ನಾಡೋಜ ಕೆ. ಪಿ. ರಾವ್, ಈ ಮಹಾನಗರದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಟಾಟಾ ಪ್ರೆಸ್ಸಿನಲ್ಲೂ ದುಡಿದವರು. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿ ಕನ್ನಡದ ಅಷ್ಟೂ ಕಾಗುಣಿತವನ್ನು ಒತ್ತಕ್ಷರ ಸಮೇತ ಕೂಡಿಸುವ ಕೀಲಿಮಣೆಯ ವಿನ್ಯಾಸವನ್ನು ಅವರು ರೂಪಿಸಿದರು. 'ಕೆ' ಒತ್ತಿದರೆ ಕ, ಶಿಫ್ಟಿನೊಡನೆ ಒತ್ತಿದರೆ ಖ. ಒತ್ತು ಬೇಕಾದಲ್ಲಿ ನಡುವೆ 'ಎಫ್' ಕೀಲಿ. ಉಚ್ಚಾರಣೆಯ ಜಾಡಿನಲ್ಲೇ ಬೆರಳು ಹೋಗುವುದರಿಂದ, ಇಂಗ್ಲಿಷ್ ಶಾಲೆಯಲ್ಲಿ ಓದಿದ ಡೊಂಬಿವಲಿಯ ಮಕ್ಕಳೂ ಒಂದು ಮಧ್ಯಾಹ್ನದಲ್ಲಿ ಇದನ್ನು ಕಲಿಯಬಲ್ಲರು. ತಮ್ಮ 'ಸೇಡಿಯಾಪು' ತಂತ್ರಾಂಶವನ್ನು ರಾಯರು ಉಚಿತವಾಗಿಯೇ ಹಂಚಿದರು. ಮುಂದೆ 'ನುಡಿ'ಗೂ ಆಧಾರವಾದದ್ದು ಅವರ ಈ ವಿನ್ಯಾಸವೇ. ಅದರ ಮೇಲೆ ಅವರು ಹಕ್ಕು ಸಾಧಿಸಿ ಕಾಸು ಎಣಿಸಲು ಹೋಗಲಿಲ್ಲ.

ಇನ್ನೊಂದು ಸಂಗತಿ ನಮ್ಮ ನವಿ ಮುಂಬಯಿಯವರಿಗೆ ರುಚಿಸೀತು. ಖಾರಘರದಲ್ಲಿ ಸಿಡ್ಯಾಕ್ ಸಂಸ್ಥೆಯ ಆವರಣವಿದೆಯಲ್ಲ, ಆ ಸಂಸ್ಥೆಯ ಮುಂಬಯಿ ಶಾಖೆಗೆ 2003ಕ್ಕೆ ಮುಂಚೆ 'ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ' ಎಂಬ ಹೆಸರಿತ್ತು. ಅಲ್ಲಿ ದುಡಿದ ಮರಾಠಿ ಅಕ್ಷರಕಲಾವಿದ ಆರ್. ಕೆ. ಜೋಶಿಯವರ ಮೇಲ್ವಿಚಾರಣೆಯಲ್ಲಿ ಮೈಕ್ರೊಸಾಫ್ಟಿಗಾಗಿ ತಯಾರಾದ ಕನ್ನಡ ಅಕ್ಷರಶೈಲಿಯೇ 'ತುಂಗಾ'. ಬಹಳ ವರ್ಷ ನಮ್ಮ ಮನೆಯ ಕಂಪ್ಯೂಟರುಗಳಲ್ಲಿ ಕನ್ನಡ ಎಂದರೆ ಅದೇ ಮುಖ. ತುಂಗೆಯ ಹೆಸರಿನ ಕನ್ನಡವನ್ನು ಒಬ್ಬ ಮರಾಠಿ ಕಲಾವಿದರು ನಮ್ಮ ನೆರೆಯಲ್ಲೇ ತಿದ್ದಿದರೆಂಬುದು ಹೊರನಾಡಿನಲ್ಲಿ ಬಾಳುವ ನಮಗೆ ತಿಳಿದಿರಬೇಕಾದ ವಿಷಯ.

ಈಗ ಆ ತಾಯಿ ಕೇಳಿದ ಪ್ರಶ್ನೆಯ ಒಳಕ್ಕೆ ಇಳಿಯೋಣ. ಕ್ಲಬ್ಬಿನ ಕೆಲಸದಿಂದ ಕಾಲೇಜಿನ ಪಾಠದಲ್ಲಿ ಸಿಗದ ಯಾವ ವಿದ್ಯೆ ಬರುತ್ತದೆ? ಇದನ್ನು ತತ್ತ್ವದ ಮಾತಿನಲ್ಲಿ ಹೇಳುವುದಕ್ಕಿಂತ ನಮ್ಮ ಕನ್ನಡದ್ದೇ ಒಂದು ಉದಾಹರಣೆ ಕೊಡುವುದು ಮೇಲು.

ನಮ್ಮ ಸಂಘಗಳಲ್ಲೆಲ್ಲ ಒಂದೊಂದು ಕಪಾಟು ಇದೆ. ಅದರಲ್ಲಿ ಹಳೆಯ ಸ್ಮರಣ ಸಂಚಿಕೆಗಳು, ವಾರ್ಷಿಕ ವರದಿಗಳು, ಸದಸ್ಯರ ಯಾದಿ. ಕಳೆದ ಇಪ್ಪತ್ತೈದು ಮೂವತ್ತು ವರ್ಷಗಳವು ಸಿಡಿಗಳಲ್ಲೂ ಹಳೆಯ ಕಂಪ್ಯೂಟರಿನಲ್ಲೂ ಉಳಿದಿವೆ. ಇಂದು ಯಾರಾದರೂ ಅವನ್ನು ತೆರೆದರೆ ಕನ್ನಡವೇ ಕಾಣಿಸುವುದಿಲ್ಲ. 'ಕನ್ನಡ' ಎಂದು ಟೈಪು ಮಾಡಿಟ್ಟ ಜಾಗದಲ್ಲಿ ಇಂಗ್ಲಿಷಿನ 'ಪಿ' ಅಕ್ಷರ, ತಲೆಯ ಮೇಲೆ ಗೀಟೆಳೆದ 'ಎ', ಅದರ ಪಕ್ಕದಲ್ಲಿ ಬ್ರಿಟಿಷ್ ಪೌಂಡಿನ ಚಿಹ್ನೆ! ನಾವು ಕನ್ನಡ ಬರೆದೆವೋ ಲಂಡನ್ನಿನ ಲೇವಾದೇವಿಯ ಲೆಕ್ಕ ಬರೆದೆವೋ ಎಂಬ ಸಂಶಯ ಬರಬೇಕು.

ಕಾರಣ ಇಷ್ಟೆ. ನುಡಿ, ಬರಹ ಮುಂತಾದ ಮೊದಲಿನ ತಂತ್ರಾಂಶಗಳ ಅಕ್ಷರಶೈಲಿಗಳಲ್ಲಿ ಕನ್ನಡಕ್ಕೆ ಸ್ವಂತ ಮನೆಯಿರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆಂದು ಕಟ್ಟಿದ ಕೋಣೆಗಳಲ್ಲೇ ಕನ್ನಡದ ತುಂಡುಗಳನ್ನು, ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳನ್ನು, ಬಾಡಿಗೆಗೆ ಇರಿಸಿದ್ದರು. ಆ ಶೈಲಿ ಯಂತ್ರದಲ್ಲಿರುವ ತನಕ ಎಲ್ಲವೂ ಸರಿ. ಅದಿಲ್ಲದ ಯಂತ್ರದಲ್ಲಿ ಬಾಡಿಗೆಯವರು ಮಾಯವಾಗಿ ಮನೆಯ ಮೂಲ ಮಾಲಿಕರು ಹೊರಬರುತ್ತಾರೆ. ಈ ಚಾಳಿನ ಸಂಸಾರ ನಮಗೆ ಯಾರೂ ವಿವರಿಸಬೇಕಾಗಿಲ್ಲ. 1991ರಲ್ಲಿ ಯುನಿಕೋಡ್ ಎಂಬ ಜಾಗತಿಕ ವ್ಯವಸ್ಥೆ ಬಂದಾಗ ಕನ್ನಡಕ್ಕೆ ನೂರಿಪ್ಪತ್ತೆಂಟು ಕೋಣೆಗಳ ಸ್ವಂತ ಮನೆ ಸಿಕ್ಕಿತು. ಆದರೆ ನಮ್ಮ ಮುದ್ರಣದ ಕೆಲಸ ಮಾತ್ರ ಬಹುಕಾಲ ಹಳೆಯ ಚಾಳಿನಲ್ಲೇ ನಡೆಯಿತು.

ಹಳೆಯದನ್ನು ಹೊಸ ಮನೆಗೆ ಸಾಗಿಸುವ ತಂತ್ರಾಂಶ ಬರೆಯುವುದು ಎರಡನೆಯ ವರ್ಷದ ವಿದ್ಯಾರ್ಥಿಗೆ ಒಪ್ಪುವ ಕೆಲಸ. ಈ ಚಿಹ್ನೆಗೆ ಈ ಅಕ್ಷರ ಎಂದು ಕೋಷ್ಟಕ ಮಾಡಿಕೊಂಡು ಒಂದೊಂದಾಗಿ ಬದಲಾಯಿಸುತ್ತ ಹೋದರಾಯಿತೆಂದು ತೋರುತ್ತದೆ. ಒಂದು ದಿನದಲ್ಲಿ ಮುಕ್ಕಾಲು ಪಾಲು ಸರಿಯೂ ಆಗುತ್ತದೆ. ಆಮೇಲೆ ಅರ್ಕಾವತ್ತು ಬಂದು ಎದುರಿಗೆ ನಿಲ್ಲುತ್ತದೆ!

'ಕರ್ಮ' ಎಂಬ ಶಬ್ದವನ್ನು ನೋಡಿರಿ. ನಾವು ಉಚ್ಚರಿಸುವಾಗ ರಕಾರ ಮೊದಲು, ಮಕಾರ ಆಮೇಲೆ. ಬರೆಯುವಾಗ ಮಕಾರವನ್ನು ಮೊದಲು ಬರೆದು ಅದರ ಬೆನ್ನಿಗೆ ಅರ್ಕಾವತ್ತನ್ನು ಹಚ್ಚುತ್ತೇವೆ. ಹಳೆಯ ಶೈಲಿಗಳು ಕಣ್ಣಿಗೆ ಕಂಡ ಕ್ರಮವನ್ನು ಹಿಡಿದವು. ಯುನಿಕೋಡ್ ಕಿವಿಗೆ ಕೇಳಿದ ಕ್ರಮವನ್ನು ಹಿಡಿಯುತ್ತದೆ. ಆದುದರಿಂದ ತಂತ್ರಾಂಶವು ಅರ್ಕಾವತ್ತನ್ನು ಕಂಡೊಡನೆ ಹಿಂದಕ್ಕೆ ನಡೆದು, ಮಕಾರವನ್ನು ದಾಟಿ, ಅದರ ಮುಂದೆ ರಕಾರವನ್ನು ಕೂರಿಸಬೇಕು. 'ಕರ್ಮ'ದಲ್ಲಿ ಒಂದು ಹೆಜ್ಜೆ ಸಾಕು. 'ಅರ್ಘ್ಯ'ದಲ್ಲಿ? ಅಲ್ಲಿ ಘಕಾರ, ಅದಕ್ಕೆ ಯಕಾರದ ಒತ್ತು, ಆಮೇಲೆ ಅರ್ಕಾವತ್ತು. ಒಂದೇ ಹೆಜ್ಜೆ ಹಿಂದೆ ಹೋಗಿ ನಿಂತರೆ 'ಅಘ್ರ್ಯ' ಎಂಬ ವಿಕಾರ ಹುಟ್ಟುತ್ತದೆ. ಇದನ್ನು ನೀವು ಎಷ್ಟೋ ಕಡೆ ಅಚ್ಚಿನಲ್ಲೇ ಕಂಡಿರುತ್ತೀರಿ. ಪ್ರೂಫ್ ನೋಡಿದವನನ್ನು ಬೈದೂ ಇರುತ್ತೀರಿ.

ಕನ್ನಡ ಓದಲು ಬಾರದ ವಿದ್ಯಾರ್ಥಿಗೆ ಈ ತಪ್ಪು ತಪ್ಪೆಂದೇ ಗೊತ್ತಾಗುವುದಿಲ್ಲ. ಯಂತ್ರ ದೂರುವುದಿಲ್ಲ. ಈಚೆಗೆ ಕೃತಕ ಬುದ್ಧಿಯ ಯಂತ್ರಗಳನ್ನು ಕೇಳಿದರೆ ಒಂದು ನಿಮಿಷದಲ್ಲಿ ಇಂಥ ತಂತ್ರಾಂಶವನ್ನು ಬರೆದುಕೊಡುತ್ತವೆ. ಅದು ಸರಿಯಾಗಿದೆಯೋ ಇಲ್ಲವೋ ಹೇಳಲು ಮಾತ್ರ 'ಅರ್ಘ್ಯ' ಎಂಬುದನ್ನು ಎಂದಾದರೂ ಓದಿದ ಮನುಷ್ಯರೇ ಬೇಕು. ಅಂಥವರು ನಮ್ಮ ಮನೆಗಳಲ್ಲಿದ್ದಾರೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಕನ್ನಡಕ ಏರಿಸಿ ನಾಲ್ಕು ಪುಟ ಓದಿ, ಇಲ್ಲಿ ಇದು ಸರಿಯಿಲ್ಲ, ಅಲ್ಲಿ ಅದು ಸರಿಯಿಲ್ಲ ಎಂದು ಪೆನ್ಸಿಲಿನಲ್ಲಿ ಗುರುತು ಮಾಡಿದರೆ, ಆ ಗುರುತೇ ವಿದ್ಯಾರ್ಥಿಗೆ ಪಾಠ. ಕಂಪನಿಗಳಲ್ಲಿ ಇದಕ್ಕೆ ಟೆಸ್ಟಿಂಗ್ ಎಂದು ಹೆಸರು, ಒಳ್ಳೆಯ ಸಂಬಳವೂ ಇದೆ. ಅಜ್ಜಿಗೆ ಒಂದು ಲೋಟ ಕಾಫಿ ಸಾಕು.

ಇದು ಕಲ್ಪನೆಯ ಮಾತಲ್ಲ. ಬೆಂಗಳೂರಿನ ಕಡೆಯ ಕೆಲವೇ ಮಂದಿ ಸ್ವಯಂಸೇವಕರು, ನೌಕರಿ ಮಾಡುತ್ತಲೇ, ಬಿಡುವಿನ ಹೊತ್ತಿನಲ್ಲಿ 'ವಚನ ಸಂಚಯ'ವನ್ನು ಕಟ್ಟಿದ್ದಾರೆ. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳು ಯುನಿಕೋಡಿನಲ್ಲಿ ಅಲ್ಲಿವೆ. 'ಕೂಡಲಸಂಗಮ' ಎಂಬ ಒಂದು ಶಬ್ದವನ್ನು ಕೊಟ್ಟರೆ ಅದು ಬರುವ ವಚನಗಳನ್ನೆಲ್ಲ ಎದುರಿಗೆ ತಂದಿಡುತ್ತದೆ. ಒಬ್ಬ ಪಂಡಿತ ಒಂದು ಜನ್ಮದಲ್ಲಿ ಮಾಡುತ್ತಿದ್ದ ಪದಸೂಚಿಯ ಕೆಲಸವದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಹೀಗೆಯೇ ಸಂಬಳವಿಲ್ಲದ ಕೈಗಳಿಂದ ಬೆಳೆದದ್ದು.

ಇನ್ನು ಗುಣ ಹೇಳಿದ ಬಾಯಲ್ಲೇ ದೋಷವನ್ನೂ ಹೇಳಬೇಕು. ಎಲ್ಲ ಕ್ಲಬ್ಬುಗಳೂ ಸೇವಾಶ್ರಮಗಳಲ್ಲ. ಕೆಲವೆಡೆ ಪ್ರಮಾಣಪತ್ರದ ಹುಚ್ಚು ವಿಪರೀತವಾಗಿದೆ. ಎರಡು ಗಂಟೆಯ ವರ್ಕ್‌ಶಾಪು, ಅದಕ್ಕೊಂದು ಪ್ರಮಾಣಪತ್ರ, ಅದರದೊಂದು ಫೋಟೋ. 2020ರ ಅಕ್ಟೋಬರಿನಲ್ಲಿ ಒಂದು ಪ್ರಸಂಗ ನಡೆಯಿತು. ಮುಕ್ತ ತಂತ್ರಾಂಶಗಳಿಗೆ ನಾಲ್ಕು ತಿದ್ದುಪಡಿ ಕಳುಹಿಸಿದವರಿಗೆ ಆಗ ಟೀ ಶರ್ಟು ಕೊಡುತ್ತಿದ್ದ 'ಹ್ಯಾಕ್ಟೋಬರ್‌ಫೆಸ್ಟ್' ಎಂಬ ಉತ್ಸವ ಪ್ರತಿವರ್ಷ ನಡೆಯುತ್ತದೆ. ಆ ವರ್ಷ ಸಾವಿರಾರು ಜನ, ನಮ್ಮ ದೇಶದ ವಿದ್ಯಾರ್ಥಿಗಳೂ ಅದರಲ್ಲಿದ್ದರು, ಅಂಗಿಯ ಆಸೆಗೆ ಒಂದೆರಡು ಶಬ್ದ ಸೇರಿಸಿ ಇದೂ ತಿದ್ದುಪಡಿಯೆಂದು ಕಳುಹಿಸಿಬಿಟ್ಟರು. ನಿಜವಾದ ಕೆಲಸ ಮಾಡುತ್ತಿದ್ದವರು ಈ ಕಸ ಗುಡಿಸಿ ಗುಡಿಸಿ ಬೇಸತ್ತರು. ಕೊನೆಗೆ ನಡೆಸುವವರು ತಿಂಗಳ ನಡುವೆಯೇ ನಿಯಮ ಬದಲಾಯಿಸಿ, ಒಪ್ಪಿಗೆ ಕೊಟ್ಟವರ ತಂತ್ರಾಂಶಕ್ಕೆ ಮಾತ್ರ ತಿದ್ದುಪಡಿ ಲೆಕ್ಕಕ್ಕೆಂದು ಕಟ್ಟುಮಾಡಿದರು. ಒಂದು ಅಂಗಿಗಾಗಿ!

ಇದಕ್ಕಿಂತ ದೊಡ್ಡ ದೋಷ ಅನಾಥ ತಂತ್ರಾಂಶದ್ದು. ನಾಲ್ಕನೆಯ ವರ್ಷದವರು ಉತ್ಸಾಹದಿಂದ ಒಂದು ಸಂಸ್ಥೆಗೆ ಏನನ್ನೋ ಕಟ್ಟಿಕೊಡುತ್ತಾರೆ. ಜೂನಿನಲ್ಲಿ ಅವರು ಪದವೀಧರರಾಗಿ ಒಬ್ಬ ಪುಣೆಗೆ, ಒಬ್ಬ ಬೆಂಗಳೂರಿಗೆ, ಒಬ್ಬ ಟೆಕ್ಸಾಸಿಗೆ. ಆಗಸ್ಟಿನಲ್ಲಿ ತಂತ್ರಾಂಶ ನಿಲ್ಲುತ್ತದೆ. ಪಾಸ್‌ವರ್ಡು ಯಾರಲ್ಲಿ? ಟೆಕ್ಸಾಸಿನವನಲ್ಲಿ. ಪಾಪ, ಸಂಸ್ಥೆಯವರು ತಮ್ಮ ಹಳೆಯ ರಿಜಿಸ್ಟರನ್ನು ಅಷ್ಟರಲ್ಲಿ ರದ್ದಿಗೆ ಹಾಕಿರುತ್ತಾರೆ. ಆದುದರಿಂದ ಒಳ್ಳೆಯ ಕ್ಲಬ್ಬನ್ನು ಗುರುತಿಸುವ ಬಗೆ ಯಾವುದೆಂದು ಕೇಳಿದರೆ, ಹೊಸದಾಗಿ ಏನು ಕಟ್ಟಿದಿರಿ ಎಂದು ನಾನು ಕೇಳುವುದಿಲ್ಲ. ಹೋದ ವರ್ಷದವರು ಕಟ್ಟಿದ್ದನ್ನು ಈ ವರ್ಷ ಯಾರು ನೋಡಿಕೊಳ್ಳುತ್ತಿದ್ದೀರಿ ಎಂದು ಕೇಳುತ್ತೇನೆ. ಇದಕ್ಕೆ ಥಟ್ಟನೆ ಒಂದು ಹೆಸರು ಹೇಳಿದರೆ ಆ ಕ್ಲಬ್ಬು ನಂಬತಕ್ಕದ್ದು.

ಸದಸ್ಯರ ಯಾದಿಯ ಮಾತೂ ಇದೆ. ಜನರ ಹೆಸರು, ವಿಳಾಸ, ಫೋನು, ಮಕ್ಕಳ ವಯಸ್ಸು ಇವನ್ನೆಲ್ಲ ಪುಕ್ಕಟೆ ಕೆಲಸವೆಂದು ಯಾರ ಕೈಗಾದರೂ ಕೊಟ್ಟುಬಿಡುವುದು ತರವಲ್ಲ. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಪಾರ್ಲಿಮೆಂಟು ಕಾಯದೆಯನ್ನೇ ಮಾಡಿದೆ. ವಿದ್ಯಾರ್ಥಿಗಳಿಗೆ ಅಭ್ಯಾಸಕ್ಕೆ ಬೇಕಾದರೆ ಸುಳ್ಳು ಹೆಸರುಗಳ ಯಾದಿ ಮಾಡಿಕೊಟ್ಟರಾಯಿತು.

ತಾಯಿಯ ಇನ್ನೊಂದು ಕೊರಗು ಹಣದ್ದು. ಪುಕ್ಕಟೆ ಕೆಲಸವೆಲ್ಲ ಪುಕ್ಕಟೆಯಾಗಿಯೇ ಉಳಿಯುವುದಿಲ್ಲ. ಪೊವಾಯಿಯ ಐಐಟಿಯಲ್ಲಿ 'ಫಾಸ್ಸೀ' ಎಂಬ ಯೋಜನೆ ಇದೆ. ಇಂಜಿನಿಯರಿಂಗಿನ ಒಂದು ಪಠ್ಯಪುಸ್ತಕವನ್ನು ಆಯ್ದುಕೊಂಡು, ಅದರಲ್ಲಿ ಬಿಡಿಸಿ ತೋರಿಸಿದ ಲೆಕ್ಕಗಳನ್ನೆಲ್ಲ ಉಚಿತ ತಂತ್ರಾಂಶದಲ್ಲಿ ಸಂಕೇತವಾಗಿ ಬರೆದು ಒಪ್ಪಿಸಿದರೆ, ಅವರು ಪರಿಶೀಲಿಸಿ ವಿದ್ಯಾರ್ಥಿಗೆ ಗೌರವಧನ ಕೊಡುತ್ತ ಬಂದಿದ್ದಾರೆ. ಯಾವ ಊರಿನ ಯಾವ ಕಾಲೇಜಿನವರಾದರೂ ಆದೀತು. ಅದೇ ಐಐಟಿಯ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯರು ಕಟ್ಟಿ ಬೆಳೆಸಿದ 'ಸ್ಪೋಕನ್ ಟ್ಯುಟೋರಿಯಲ್' ಪಾಠಗಳು ಇನ್ನೂ ಸ್ವಾರಸ್ಯವಾದವು. ಒಂದೊಂದು ಪಾಠ ಹತ್ತು ನಿಮಿಷದಷ್ಟು. ಒಂದು ಕಡೆ ಪಾಠ ನಡೆಯುತ್ತಿರುವಾಗಲೇ ಕಲಿಯುವವರು ಮಗ್ಗುಲಲ್ಲಿ ಅದನ್ನು ತಾವೇ ಮಾಡಿ ನೋಡಬೇಕು. ಚಿತ್ರ ಇಂಗ್ಲಿಷಿನದೇ ಇದ್ದು, ವಿವರಣೆಯ ಧ್ವನಿ ಮಾತ್ರ ದೇಶಭಾಷೆಗಳಲ್ಲಿ, ಕನ್ನಡದಲ್ಲೂ ಇದೆ. ಕಾಸಿಲ್ಲ. ನನ್ನ ಸಲಹೆಯೆಂದರೆ, ಕಲ್ಯಾಣದ ಈ ತಾಯಿ ಒಂದು ಮಧ್ಯಾಹ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಥದೊಂದು ಕನ್ನಡ ಪಾಠವನ್ನು ಕೇಳಬೇಕು. ಎಲ್ಲವೂ ಅರ್ಥವಾಗದಿದ್ದರೂ ಮಗಳು ಒಂಬತ್ತು ಗಂಟೆಯವರೆಗೆ ಯಾವುದರ ಬೆನ್ನು ಹತ್ತಿದ್ದಾಳೆಂಬುದು ತಿಳಿಯುತ್ತದೆ.

ಇನ್ನು ತೀರ್ಪು. ತಾಯಿಯವರೇ, ಮಗಳನ್ನು ಕ್ಲಬ್ಬು ಬಿಡಿಸಬೇಡಿರಿ. ಆದರೆ ಊರಿನ ವಿಷಯದಲ್ಲಿ ನಾನು ನಿಮ್ಮ ಪಕ್ಷ. ದೀಪಾವಳಿಯ ರಜೆ ಮೂರು ದಿನದ್ದಲ್ಲ. ಎಣ್ಣೆ ಸ್ನಾನಕ್ಕೂ ಬಲಿಪಾಡ್ಯಮಿಗೂ ಅಜ್ಜಿಯ ಮನೆಯಲ್ಲಿದ್ದು ಆಮೇಲೆ ಹಿಂದಿರುಗಿದರೆ ಯಾವ ತಂತ್ರಾಂಶವೂ ಮುಳುಗುವುದಿಲ್ಲ. ಈ ಕೆಲಸವನ್ನು ಊರಿನಲ್ಲಿ ಕುಳಿತೂ ಮಾಡಬಹುದೆಂದು ಅವಳಿಗೇ ಚೆನ್ನಾಗಿ ಗೊತ್ತು. ರಾತ್ರಿಯ ಪಯಣದ ಬಗೆಗೆ ಕ್ಲಬ್ಬಿನವರೊಡನೆ ಮಾತಾಡುವಂತೆ ಮಗಳಿಗೆ ಹೇಳಿರಿ. ಕಲ್ಯಾಣ, ಅಂಬರನಾಥ, ಬದಲಾಪುರದ ಹುಡುಗಿಯರು ಅಲ್ಲಿ ಇನ್ನೂ ಇರಬೇಕು. ಏಳು ಗಂಟೆಗೆ ಸಭೆ ಮುಗಿಸಿ ಒಟ್ಟಿಗೆ ಹೊರಟರೆ ಠಾಣೆಯಲ್ಲಿ ಗಾಡಿ ಬದಲಾಯಿಸುವಾಗ ನಾಲ್ಕು ಜನ ಜೊತೆಯಿರುತ್ತಾರೆ. ವಾರಕ್ಕೆ ಒಂದು ಸಭೆಯನ್ನು ಫೋನಿನಲ್ಲೇ ನಡೆಸಿದರೂ ಆದೀತು. ಪರೀಕ್ಷೆಯ ಅಂಕ ಇಳಿದರೆ ಮಾತ್ರ ಆ ಅರ್ಧವರ್ಷ ಕ್ಲಬ್ಬಿಗೆ ರಜೆ ಎಂದು ಮೊದಲೇ ಮಾತು ಮಾಡಿಕೊಳ್ಳಿರಿ. ಅವಳು ಒಪ್ಪುತ್ತಾಳೆ, ಇಷ್ಟಪಟ್ಟು ಮಾಡುವ ಕೆಲಸವನ್ನು ಉಳಿಸಿಕೊಳ್ಳಲು ಮಕ್ಕಳು ಓದುವಷ್ಟು ಬೇರೆ ಯಾವ ಹೆದರಿಕೆಗೂ ಓದುವುದಿಲ್ಲ.

ಆ ಹುಡುಗಿಗೂ ನನ್ನದೊಂದು ಮಾತು ತಲುಪಿಸಿರಿ. ಮುಂದಿನ ಸಲ ಕ್ಲಬ್ಬಿನಲ್ಲಿ ಯಾವ ಕೆಲಸ ಹಿಡಿಯೋಣ ಎಂಬ ಚರ್ಚೆ ಬಂದಾಗ ನಮ್ಮ ಕಪಾಟಿನ ವಿಷಯ ಎತ್ತಲಿ. ಜೊತೆಯವರು ಮರಾಠಿಯವರೋ ಗುಜರಾತಿಯವರೋ ತಮಿಳರೋ ಆಗಿದ್ದರೆ ಅಡ್ಡಿಯಿಲ್ಲ. ಅವರ ಸಂಘದ ಕಪಾಟುಗಳಲ್ಲೂ ಇದೇ ರೋಗ ಇದ್ದೀತು. ಕೋಷ್ಟಕ ಅವರು ಮಾಡಲಿ, ಅರ್ಕಾವತ್ತನ್ನು ನಾವು ನೋಡಿಕೊಳ್ಳುತ್ತೇವೆ.

ಓದುಗರಲ್ಲಿ ಯಾರ ಬಳಿಯಾದರೂ ಸಂಘದ ಹಳೆಯ ಸಂಚಿಕೆಗಳ ಸಿಡಿ, ಫ್ಲಾಪಿ, ಪೆನ್‌ಡ್ರೈವು ಇದ್ದರೆ ದಯವಿಟ್ಟು ಕಾರ್ಯಾಲಯಕ್ಕೆ ತಲುಪಿಸಬೇಕು. ಮೇಲೆ ವರ್ಷವನ್ನೂ, ಅಕ್ಷರ ಜೋಡಿಸಿದ್ದು ನುಡಿಯಲ್ಲೋ ಬರಹದಲ್ಲೋ ಶ್ರೀಲಿಪಿಯಲ್ಲೋ ಎಂಬುದನ್ನೂ ನೆನಪಿದ್ದಷ್ಟು ಬರೆದಿಡಿರಿ. ಪ್ರೂಫ್ ನೋಡಬಲ್ಲ ಹಿರಿಯರು ಹೆಸರು ಕೊಟ್ಟರೆ ಉಪಕಾರವಾಗುವುದು. ಕಣ್ಣಿಗೆ ಆಯಾಸವಾಗದಂತೆ ಪುಟಗಳನ್ನು ದಪ್ಪಕ್ಷರದಲ್ಲಿ ತೆಗೆಸಿ ಮನೆಗೇ ಕಳುಹಿಸಲಾಗುವುದು.